ಚಿಲಕದ ಮೇಲಿನ ಕೈ

ಸೊಗಡು, ಬೆರಳ ಸಂದಿಗೆಲ್ಲ ಅಂಟಿಕೊಂಡ ಅವರೆಕಾಯಿ ಸೊಗಡು, ಸೋಪು ಹಾಕಿ ಎಷ್ಟು ಉಜ್ಜಿದರೂ ನಾಳೆಯವರೆಗೂ ಹೋಗುವುದಿಲ್ಲ, ಹೋಗದಿದ್ದರೆ ಬೇಡ, ಚಳಿಗಾಲದಲ್ಲಿ ಈ ವಾಸನೆ ಇಲ್ಲದ ಕೈಯೂ ಒಂದು ಕೈಯೇ? — ನಾಗಲಕ್ಷ್ಮಿ ನೆನೆದ ಕಾಳೊಂದನ್ನು ಹಿದುಕಿದಳು, ಬೇಳೆ ಚಿಮ್ಮಿ ವರಾಂಡದಾಚೆ ಗೇಟಿನ ಹತ್ತಿರ ಬಿತ್ತು, ಎದುರಿಗೆ ಕೂತ ಅತ್ತೆ ಸುಬ್ಬಮ್ಮ ಮಾತ್ರ ನೋಡದೆಯೇ ಹಿದುಕುತ್ತಾರೆ, ಪುಳಕ್, ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ, ಪುಳಕ್, ಬೆಳಿಗ್ಗೆ ಬ್ರಷ್ ಕೈಗೆ ಕೊಟ್ಟರೆ ಇದ್ರಾಗೆ ಏನ್ ಮಾಡೋದವ್ವ ಅಂದಿದ್ದರು, ಮಗ ಎದುರಿಗೆ ನಿಂತರೆ ಎದ್ದು ಸೆರಗು ಹೊದೆಯುತ್ತಾರೆ, ಯಾರೋ ಸಾಹೇಬರು ಬಂದರು ಅಂತ, ಆದರೆ ಈ ಬೆರಳುಗಳಿಗೆ ಯಾವ ಮರೆವೂ ಇಲ್ಲ. ಇತ್ತೀಚಿನ ನೆನಪು ಮೊದಲು ಹೋಗುತ್ತೆ ಕಣಮ್ಮ, ಹಳೇದು ಗಟ್ಟಿಯಾಗಿ ಕೂತಿರುತ್ತೆ, ಕೈಗೆ ರೂಢಿಯಾದದ್ದು ಇನ್ನೂ ಗಟ್ಟಿ, ತಿದ್ದೋಕೆ ಹೋಗ್ಬೇಡಿ ಅಂದಿದ್ದರು ಡಾಕ್ಟರು, ಆಲ್ಝೈಮರ್ ಅನ್ನುವ ಆ ಹೆಸರು ಅವಳ ಬಾಯಲ್ಲಿ ಇನ್ನೂ ಸರಿಯಾಗಿ ಹೊರಳುವುದಿಲ್ಲ. ನೀನ್ಯಾರ ಮಗ್ಳವ್ವ, ಸುಬ್ಬಮ್ಮ ಕೇಳುತ್ತಿದ್ದಾರೆ, ಚೆನ್ನಾಗಿ ಕೆಲ್ಸ ಮಾಡ್ತೀಯ, ನಮ್ಮನೇಲೂ ಒಬ್ಳವಳೆ, ಸಾರಿಗೆ ಉಪ್ಪು ಸುರೀತಾಳೆ. ಮೂವತ್ತು ವರ್ಷ ಆದರೂ ಆ ಉಪ್ಪನ್ನು ಮಾತ್ರ ಮರೆಯಲಿಲ್ಲ ನೋಡು ಈ ಮುದುಕಿ, ನಾಗಲಕ್ಷ್ಮಿಗೆ ನಗು ಬಂತು, ಬಂದ ನಗುವನ್ನು ಅಲ್ಲೇ ತಡೆದಳು, ಯಾಕೆಂದರೆ ಬಿಸಿಲು ಎದುರು ಬಿಲ್ಡಿಂಗಿನ ಮೇಲಿನ ಮಹಡಿಗೆ ಏರಿದೆ, ಇನ್ನು ಸ್ವಲ್ಪ ಹೊತ್ತಿಗೆ ಗಂಡ ಫೋನ್ ಮಾಡುತ್ತಾನೆ, ಅವಳು ಒಂದು ಮಾತು ಹೇಳಬೇಕು.

ಕೇಳಿದ್ದು ಅವಳೇ, ಬೇರೆ ಯಾರೂ ಅಲ್ಲ. ಹೋದ ವಾರ ಗೇಟಿನ ಬೀಗ ಮರೆತಿದ್ದಳು, ಹಾಲು ಉಕ್ಕಿತು ಅಂತ ಒಳಗೆ ಓಡಿ ಹೋಗಿ ಬರುವಷ್ಟರಲ್ಲಿ ಅತ್ತೆ ಇಲ್ಲ, ಬರಿಗಾಲಲ್ಲಿ ಹೆಸರಘಟ್ಟ ರೋಡಿಗೆ ಹೋಗಿ ಬಸ್ಸುಗಳ ನಡುವೆ ನಿಂತಿದ್ದರಂತೆ, ಹಣ್ಣಿನ ಗಾಡಿಯ ಅತಾವುಲ್ಲಾ ಕೈ ಹಿಡಿದು ಕರೆತಂದ, ಅಮ್ಮಾ, ಇವ್ರು ಮನೆ ಎಲ್ಲಿ ಅಂತ ನನ್ನೇ ಕೇಳ್ತಾವ್ರೆ ಅಂದ, ಅವಳ ಜೀವ ಬಾಯಿಗೆ ಬಂದಿತ್ತು. ಅವತ್ತೇ ಗಂಡ ನಾಗಭೂಷಣನಿಗೆ ಹೇಳಿದ್ದು, ನನ್ ಕೈಲಿ ಆಗಲ್ಲ ರೀ, ಎಲ್ಲಾದ್ರೂ ಒಳ್ಳೆ ಜಾಗ ನೋಡಿ. ಅವನು ನೋಡಿ ಬಂದ, ಸೋಲದೇವನಹಳ್ಳಿ ಹತ್ತಿರ, ಮರೆವಿನವರನ್ನೇ ನೋಡಿಕೊಳ್ಳುವ ಕಡೆ, ನರ್ಸುಗಳಿದ್ದಾರೆ, ಅಂಗಳದಲ್ಲಿ ನೆರಳಿದೆ, ಚೆನ್ನಾಗೇ ಇದೆ ಕಣೆ ಅಂದ ಇವತ್ತು ಬೆಳಿಗ್ಗೆ ಹೊರಡುವಾಗ, ನಾಳೆ ಅವರಿಗೆ ಖಾತ್ರಿ ಹೇಳ್ಬೇಕು, ಸಂಜೆ ಫೋನ್ ಮಾಡ್ತೀನಿ, ಹೂಂ ಅನ್ನು ಇಲ್ಲ ಉಹೂಂ ಅನ್ನು, ಆಮೇಲೆ ನನ್ ಮೇಲೆ ಹಾಕ್ಬೇಡ. ಅವಳು ಹೂಂ ಅನ್ನಬೇಕೆಂದೇ ಇದ್ದಾಳೆ, ಸೊಂಟ ಬಿದ್ದುಹೋಗಿದೆ, ನಿದ್ದೆ ಅನ್ನುವುದು ಯಾವ ಕಾಲದ ಮಾತೋ, ಎಲ್ಲದಕ್ಕಿಂತ ಈ ಸಂಜೆ, ಈ ಹಾಳು ಸಂಜೆ — ಪುಳಕ್ ನಿಂತಿತು. ಸುಬ್ಬಮ್ಮ ಎದ್ದರು, ಮಡಿಲಿನ ಸಿಪ್ಪೆ ಕೊಡವಿದರು, ನೇರ ಗೇಟಿಗೆ ಹೋಗಿ ಚಿಲಕ ಹಿಡಿದು ಅಲ್ಲಾಡಿಸಿದರು, ಟಣ ಟಣ ಟಣ, ದಿನಾ ಇದೇ, ಬೀಗ ಹಾಕಿದ ಗೇಟಿನ ಚಿಲಕ, ತಲೆಯೊಳಗೇ ಬಡಿದ ಹಾಗೆ. ಒತ್ತಾಯ್ತು, ನಾನ್ ಮನೆಗೋಗ್ಬೇಕು. ಇದೇ ನಿಮ್ಮನೆ ಅತ್ತೆ, ನೀವೇ ನಿಂತು ಕಟ್ಸಿದ್ದು. ಇದ್ಯಾರ್ದೋ ಮಾಳ್ಗೆ ಮನೆ, ನಮ್ದು ಅಂಚಿನ್ ಮನೆ, ಒಲದ ಪಕ್ಕದಾಗೈತೆ. ಹೊಲ ಎಲ್ಲಿ ಅತ್ತೆ, ಸೈಟಾಗಿ ಎಷ್ಟು ಕಾಲವಾಯಿತು, ಅನ್ನಲು ಬಾಯಿ ತೆರೆದವಳು ತಿದ್ದೋಕೆ ಹೋಗ್ಬೇಡಿ ಅಂದ ಡಾಕ್ಟರನ್ನು ನೆನೆದು ಬಾಯಿ ಮುಚ್ಚಿದಳು, ಮುಚ್ಚಿ, ಇಷ್ಟು ದಿನ ಯಾಕೋ ಕೇಳದೇ ಇದ್ದ ಮಾತನ್ನು ಕೇಳಿದಳು, ಮನೆಗೆ ಅಷ್ಟು ಅರ್ಜೆಂಟಾಗಿ ಯಾಕೆ ಹೋಗ್ಬೇಕು?

ಸೊಸೆ ಒಬ್ಳೇ ಅವಳೆ, ಅಂದರು ಸುಬ್ಬಮ್ಮ, ಚಿಲಕ ಬಿಡದೆ, ದನಿ ತಗ್ಗಿಸಿ, ಒಸಾ ಉಡ್ಗಿ ಕಣವ್ವ, ಯಶವಂತಪುರದೋಳು, ಮನೆತುಂಬ ಜನ ಇದ್ದ ಕಡೆಯಿಂದ ಬಂದೋಳು, ನನ್ ಮಗಂಗೆ ಸೆಕೆಂಡ್ ಸಿಫ್ಟು, ಕತ್ಲಾದ್ರೆ ಆ ಮಗಾ ಎದರ್ತಾಳೆ, ಬಾಯಿಬಿಟ್ಟು ಏಳಲ್ಲ, ನಂಗ್ ಗೊತ್ತಾಯ್ತದೆ. ನಾಗಲಕ್ಷ್ಮಿಯ ಕೈಯ ಕಾಳು ಜಾರಿತು. ಹೆಂಚಿನ ಮನೆ, ಒಳಗಿನಿಂದ ಅಗುಳಿ ಹಾಕಿ ಒಲೆಯ ಪಕ್ಕ ಮುದುರಿ ಕೂತ ಹುಡುಗಿ, ಹತ್ತೊಂಬತ್ತರ ಅವಳೇ, ಆಚೆ ಹೊಲದಲ್ಲಿ ನರಿ ಊಳಿಡುತ್ತದೆ, ಇಲ್ಲಿ ರೈಲಿಲ್ಲ, ತಮ್ಮ ತಂಗಿಯರ ಗಲಾಟೆಯಿಲ್ಲ, ಉಸಿರು ಬಿಟ್ಟರೂ ಕೇಳುವಂಥ ಮೌನ, ಆಗ ಬಾಗಿಲಾಚೆ ಚಿಲಕ, ಟಣ ಟಣ ಟಣ, ಏನೇ ನಾಗೂ, ಇನ್ನೂ ದೀಪ ಅಚ್ಚಿಲ್ವಾ, ಗದರಿಕೊಂಡೇ ಒಳಗೆ ಬರುವ ಅತ್ತೆ, ಸೆರಗಿನಲ್ಲಿ ಅವರೆಕಾಯಿ, ಮೈಯೆಲ್ಲ ಸೊಗಡು, ಮಿಕ್ಕ ಹೆಂಗಸರು ಹೊಲದಲ್ಲೇ ಇರುತ್ತಿದ್ದರು, ಇವರೊಬ್ಬರು ಹೊತ್ತು ಮುಳುಗುವ ಮೊದಲೇ, ಹಸು ಕಟ್ಟಬೇಕು ಅಂತ, ಸೌದೆ ಒಳಗಿಡಬೇಕು ಅಂತ, ತನ್ನ ಕೆಲಸದಲ್ಲಿ ತಪ್ಪು ಹುಡುಕಲು ಓಡಿ ಬರುತ್ತಾರೆ ಎಂದೇ ಅವಳು ತಿಳಿದಿದ್ದಳು, ಮೂವತ್ತು ವರ್ಷ ಹಾಗೇ ತಿಳಿದಿದ್ದಳು. ಓಡಿ ಹೋಗುತ್ತಾರೆ ಅಂತ ಬೀಗ ಹಾಕಿದ್ದೆನಲ್ಲ ಅತ್ತೆ, ನೀವು ಬರುತ್ತಿದ್ದದ್ದು ನನ್ನ ಹತ್ತಿರ.

ಕಣ್ಣೊರೆಸಿಕೊಳ್ಳಲು ಹೋದರೆ ಸೊಗಡಿನ ಕೈ, ಇನ್ನಷ್ಟು ಉರಿ. ಅವಳು ಬೀಗ ತೆಗೆದಳು, ಬನ್ನಿ, ಬಿಟ್ಟು ಬರ್ತೀನಿ, ಚಪ್ಪಲಿ ಹಾಕಿಸಿದಳು, ಕೈ ಹಿಡಿದು ಬೀದಿ ತುದಿಯ ಹೊಂಗೆ ಮರದವರೆಗೆ ನಡೆದರು, ಸುಬ್ಬಮ್ಮನಿಗೆ ಅವಸರ, ಬಿರ್ರನೆ ನಡಿಯವ್ವ, ಉಡ್ಗಿ ಕಾಯ್ತಾಳೆ, ಮರ ಸುತ್ತಿ ಅದೇ ದಾರಿಯಲ್ಲಿ ವಾಪಸು, ಅದೇ ಗೇಟು. ಬಂತು ನೋಡಿ ನಿಮ್ಮನೆ, ಅಂದು ಅವಳು ಮುಂದೆ ನುಗ್ಗಿ ಒಳಗೆ ನಿಂತು ಗೇಟು ಎಳೆದುಕೊಂಡಳು, ಸರಳುಗಳ ನಡುವೆ ಅತ್ತೆಯ ಮುಖ, ಅನುಮಾನ, ಅವಳು ಕಾದಳು, ಮತ್ತೆ ಹತ್ತೊಂಬತ್ತು ವರ್ಷದವಳ ಹಾಗೆ ಉಸಿರು ಹಿಡಿದು ಕಾದಳು, ಸೊಂಟಕ್ಕೆ ಸಿಕ್ಕಿಸಿದ ಫೋನು ಬಡಿದುಕೊಳ್ಳತೊಡಗಿತು, ಕಿವಿಗಿಟ್ಟರೆ, ಏನಂತೀಯೇ, ಹೂಂ ಅಂದ್ಬಿಡ್ಲಾ ಅನ್ನುತ್ತಿದ್ದಾನೆ ನಾಗಭೂಷಣ, ಬೇಡ ರೀ, ಅತ್ತೆ ಎಲ್ಲಿಗೂ ಹೋಗಲ್ಲ, ಹಗಲೊತ್ತಿಗೆ ಜೊತೆಗೆ ಯಾರನ್ನಾದ್ರೂ ಗೊತ್ತು ಮಾಡಿ, ನಂಗೂ ಸೊಂಟ ಅಂತ ಒಂದಿದೆ, ಸಂಜೆ ಮಾತ್ರ ನಾನೇ ಇರ್ತೀನಿ, ಸಂಜೆ ನಾನೇ ಇರ್ಬೇಕು — ಯಾಕೆ, ಏನಾಯ್ತೇ ಅನ್ನುವ ಅವನ ದನಿ ಎಲ್ಲೋ ದೂರದಲ್ಲಿ, ಯಾಕೆಂದರೆ ಆಚೆಯಿಂದ, ಈ ಸಲ ಆಚೆಯಿಂದ, ಟಣ ಟಣ ಟಣ, ನಾಗೂ, ಬಾಗ್ಲು ತೆಗಿಯೇ, ನಾನ್ ಬಂದೆ, ಎದರ್ಕೋಬೇಡ, ಸಿಪ್ಪೆ ಅಂಟಿದ ಬೆರಳು, ಸುಕ್ಕುಗಟ್ಟಿದ ಮಣಿಕಟ್ಟು, ಆ ಕೈ, ಚಿಲಕದ ಮೇಲೆ, ಆ ಕೈ —