ಕೊನೆಯ ದಿನದ ಮುದ್ರೆ

ನೆರೆಮನೆಯ ಲೈಲ್ ಹಿಡಿದ ಕೈ ಬಿಡಲಿಲ್ಲ. ಸಂತಾಪ ಹೇಳಿ ಮುಗಿದಿತ್ತು, ಮೂಗು ಒರೆಸಿಕೊಂಡೂ ಆಗಿತ್ತು, ಹಿಂದೆ ಹತ್ತು ಜನ ಸಾಲಾಗಿ ಕಾಯುತ್ತಿದ್ದರು. ಆದರೂ ಮಾರ್ಜೀನಳ ಬಲಗೈ ಅವನ ಎರಡು ಅಂಗೈಗಳ ನಡುವೆ ಸ್ಯಾಂಡ್‌ವಿಚ್ಚಿನೊಳಗಿನ ಹ್ಯಾಮಿನಂತೆ ಸಿಕ್ಕಿಕೊಂಡೇ ಇತ್ತು.

"ಇನ್ನೇನಾದ್ರೂ ಇದೆಯಾ ಲೈಲ್?"

"ಇಲ್ಲ ಇಲ್ಲ. ಅಂದ್ರೆ, ಇದೆ. ಹೇಳೋ ಹೊತ್ತಲ್ಲ ಇದು."

"ಹಾಗಾದ್ರೆ ಬೇಗ ಹೇಳಿಬಿಡು."

"ನಮ್ಮ ಲಕೋಟೆಗಳು. ಡೆಲ್ಬರ್ಟ್ ಎಲ್ಲಿಟ್ಟಿದ್ದ ಅಂತ ನಿಂಗೇನಾದ್ರೂ ಗೊತ್ತಾ? ಇವತ್ತೇ ಕೊನೇ ದಿನ."

ಬೆಳಗಿನಿಂದ ನಡೆದದ್ದೆಲ್ಲ ಮಾರ್ಜೀನಳಿಗೆ ಆಗ ಅರ್ಥವಾಯಿತು. ಟಾರ್‌ವೀಡ್ ದಿಬ್ಬದ ನೆರೆಹೊರೆಯವರು ಅಷ್ಟೊಂದು ಅಕ್ಕರೆಯಿಂದ ಪಾತ್ರೆ ತೊಳೆದುಕೊಟ್ಟದ್ದು, ತೊಳೆದದ್ದನ್ನು ಇಡುವ ನೆಪದಲ್ಲಿ ಒಂದೊಂದೇ ಡ್ರಾಯರ್ ಎಳೆದು ನೋಡಿದ್ದು, ಗ್ಯಾರೇಜಿಗೆ ಹೋಗಿ ಒಬ್ಬರೇ ಅತ್ತು ಬಂದವರ ಕೈ ತುಂಬ ಧೂಳಾಗಿದ್ದದ್ದು. ಸತ್ತ ಅವಳ ಗಂಡ ಡೆಲ್ಬರ್ಟನನ್ನು ನೆನೆಯುತ್ತಿದ್ದದ್ದೇನೋ ನಿಜ. ಜೊತೆಗೆ ಹುಡುಕುತ್ತಲೂ ಇದ್ದರು.

*

ಕಾಡ್ಗಿಚ್ಚು ತಡೆಯುವ ಶುಲ್ಕದ ಮೊದಲ ಬಿಲ್ಲು ದಿಬ್ಬ ಹತ್ತಿದ್ದು ಮೂರು ಬೇಸಿಗೆಯ ಹಿಂದೆ. ಮನೆಗೆ ನೂರೈವತ್ತು ಡಾಲರು, ಮೂವತ್ತು ದಿನದ ಗಡುವು. ಲಕೋಟೆಯ ಮೇಲೆ ಮೂವತ್ತನೆಯ ದಿನದ ಅಂಚೆಮುದ್ರೆ ಇದ್ದರೂ ನಡೆದೀತು. ಮೂವತ್ತೊಂದನೆಯದು ಬಿತ್ತೋ, ದಂಡ ಬೇರೆ, ಜೊತೆಗಿಟ್ಟ ತಕರಾರು ಅರ್ಜಿಯೂ ಕಸದಬುಟ್ಟಿಗೆ.

ಡೆಲ್ಬರ್ಟ್ ರಾಜಧಾನಿಯ ಕಚೇರಿಗೆ ಫೋನು ಮಾಡಿ ನಲವತ್ತು ನಿಮಿಷ ಕಾದಿದ್ದ. ಕಾದದ್ದಕ್ಕೆ ದಕ್ಕಿದ್ದು ಒಂದೇ ಲಾಭ: ಯಂತ್ರದ ಹೆಣ್ಣುದನಿ ಅವನಿಗೆ ಬಾಯಿಪಾಠವಾಯಿತು. ಆ ರಾತ್ರಿ ಊಟಕ್ಕೆ ಕರೆದರೆ, ಅದೇ ದನಿಯನ್ನು ಅಣಕಿಸಿ, ಮೂಗಿನಲ್ಲಿ ಸಕ್ಕರೆ ಸುರಿಸುತ್ತ, "ನಿಮ್ಮ ಕರೆ ನಮಗೆ ಅಮೂಲ್ಯ. ನಿಮ್ಮ ಮುಂದೆ ಸರದಿಯಲ್ಲಿ ಇನ್ನೂರ ಹನ್ನೆರಡು ಜನ ಇದ್ದಾರೆ" ಎಂದ.

"ನಾಳೇನೇ ಕಟ್ಟಿಬಿಡೋಣ," ಎಂದಳು ಮಾರ್ಜೀನ್. "ಬೆಂಕಿ ಬಿದ್ರೆ ಬರೋರು ಅವರೇ ತಾನೆ?"

"ಕಟ್ಟಲ್ಲ ಅಂದ್ನಾ? ಕಟ್ತೀನಿ. ಖುಷಿಯಿಂದ ಕಟ್ಟಿದ ಅಂತ ಮಾತ್ರ ಅವರು ತಿಳ್ಕೋಬಾರ್ದು."

ದಿಬ್ಬಕ್ಕೆ ಅದೇ ಧರ್ಮವಾಯಿತು. ಯಾರೂ ಒಂದು ದಿನ ಮೊದಲು ಕಟ್ಟುವುದಿಲ್ಲ. ಮೂವತ್ತೊಂದು ವರ್ಷ ಅದೇ ದಾರಿಯಲ್ಲಿ ಅಂಚೆ ಹಂಚಿ ನಿವೃತ್ತನಾದ ಡೆಲ್ಬರ್ಟ್ ಎಲ್ಲರ ಲಕೋಟೆ ಒಟ್ಟುಮಾಡಿಟ್ಟುಕೊಂಡು, ಕೊನೆಯ ದಿನ ಅಂಚೆಕಚೇರಿಯ ಕಿಟಕಿ ಮುಚ್ಚುವ ಹತ್ತು ನಿಮಿಷ ಮೊದಲು ಒಯ್ದು, ಎದುರಿಗೇ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ. ಗೆದ್ದುಬಂದವನಂತೆ ಹಣ್ಣಿನ ಪೈ ತಿನ್ನುತ್ತಿದ್ದ. ಈ ಸಲವೂ ಒಟ್ಟುಮಾಡಿದ್ದ. ಆದರೆ ಕಳೆದ ಭಾನುವಾರ, ಬೆಂಕಿ ಹಬ್ಬದಿರಲೆಂದು ಮನೆಯ ಸುತ್ತ ನೂರಡಿ ಒಣಹುಲ್ಲು ಸವರುತ್ತಿದ್ದಾಗ, ತೊಂಬತ್ತನೆಯ ಅಡಿಯಲ್ಲಿ ಎದೆ ಹಿಡಿದುಕೊಂಡು ಕೂತ.

*

ಹೊರಗೆ ಶವವಾಹನದ ಹಿಂಬಾಗಿಲು ಮುಚ್ಚಿತು. ಮಾರ್ಜೀನ್ ಮಗಳ ತೋಳು ಹಿಡಿದಳು.

"ಕೊರಿನ್, ಪೆಟ್ಟಿಗೆಯೊಳಗೆ ಅಪ್ಪನ ಪಕ್ಕದಲ್ಲಿ ಅವನ ಅಂಚೆಚೀಲ ಇಟ್ಯಲ್ಲ, ಒಳಗೆ ನೋಡಿದ್ಯಾ?"

"ಇಲ್ಲಮ್ಮ. ಬಕಲ್ ಹಾಕೇ ಇತ್ತು."

"ಭಾರ ಇತ್ತಾ?"

ಕೊರಿನ್ ಬಾಯಿಗೆ ಕೈ ಅಡ್ಡ ಹಿಡಿದಳು. "ತೊಗಲಿನ ಚೀಲ, ಭಾರ ಇರತ್ತೆ ಅಂದ್ಕೊಂಡೆ."

ಸುದ್ದಿ ಮೆಟ್ಟಿಲಿಳಿಯುವಷ್ಟರಲ್ಲಿ ಎಲ್ಲರಿಗೂ ಮುಟ್ಟಿತು. ಇಪ್ಪತ್ಮೂರು ಮನೆಯವರು ಶವವಾಹನವನ್ನು ನೋಡಿದರು, ತಮ್ಮ ಬೂಟು ನೋಡಿಕೊಂಡರು. ಗಂಟೆ ಮೂರೂ ಹತ್ತು. ಅಂಚೆಕಚೇರಿ ಹನ್ನೊಂದು ಮೈಲಿ ದೂರ, ಅದೂ ಸ್ಮಶಾನದ ತದ್ವಿರುದ್ಧ ದಿಕ್ಕಿಗೆ. ಮುಚ್ಚುವುದು ನಾಲ್ಕಕ್ಕೆ.

"ಬಿಡು ಮಾರ್ಜೀನ್," ಎಂದ ಲೈಲ್, ದೊಡ್ಡ ಮನಸ್ಸು ಮಾಡಿ. "ದಂಡ ತಾನೆ, ಕಟ್ಕೋತೀವಿ. ಮುಚ್ಚಿದ ಪೆಟ್ಟಿಗೆ ತೆಗೆಸೋದು ಚೆನ್ನಾಗಿರಲ್ಲ."

ಮಾರ್ಜೀನ್ ಅವನನ್ನು ನೋಡಿದಳು. ಆ ಶುಲ್ಕದ ವಿಷಯದಲ್ಲಿ ಅವಳು ಮೂರು ವರ್ಷದಿಂದ ಗಂಡನ ಜೊತೆ ಜಗಳವಾಡಿದ್ದಳು. ಮೊದಲ ದಿನವೇ ಕಟ್ಟಬೇಕು ಎನ್ನುವ ಏಕೈಕ ಪ್ರಾಣಿ ಇಡೀ ದಿಬ್ಬದಲ್ಲಿ ಅವಳೇ.

"ಮೂವತ್ತೊಂದು ವರ್ಷ ಒಂದು ಕಾಗದ ತಡ ಮಾಡ್ದೋನಲ್ಲ ಅವನು. ನಾಳೆಯಿಂದ ಹೇಗೂ ನೀವೆಲ್ಲ ಲೇಟ್ ಡೆಲ್ಬರ್ಟ್ ಅಂತೀರಿ. ಅದು ಒಂದು ಅರ್ಥದಲ್ಲಿ ಮಾತ್ರ ಇದ್ರೆ ಸಾಕು."

"ಹಾಗಾದ್ರೆ ತೆಗೆದು ನನ್ ಕೈಗೆ ಕೊಡು," ಎಂದ ಲೈಲ್. "ನಾನು ಓಡ್ತೀನಿ. ನೀವೆಲ್ಲ ಅಷ್ಟರಲ್ಲಿ ಮಣ್ಣು—"

"ಒಯ್ತೀನಿ ಅಂತ ಒಪ್ಕೊಂಡಿದ್ದು ನೀನಲ್ಲ, ಅವನು." ಅವಳು ವಾಹನದ ಚಾಲಕನ ಕಿಟಕಿ ತಟ್ಟಿದಳು. ಅಂತ್ಯಕ್ರಿಯೆಯ ಉಸ್ತುವಾರಿ ಫೆಂಟನ್ ಗಾಜು ಇಳಿಸಿದ. "ಎಡಕ್ಕೆ ತಿರುಗಿಸಪ್ಪ. ಅಂಚೆಕಚೇರಿಗೆ."

"ಅಮ್ಮಾವ್ರೇ, ಮೂರೂವರೆಗೆ ಸ್ಮಶಾನದಲ್ಲಿ ಗುಂಡಿ ತೆಗೆದೋರು ಕಾಯ್ತಿರ್ತಾರೆ."

"ಗುಂಡಿ ಎಲ್ಲಿಗೂ ಹೋಗಲ್ಲ. ಕಿಟಕಿ ಮುಚ್ಚತ್ತೆ."

ಹಾಡುಹಗಲಿನ ಬಿಸಿಲಲ್ಲಿ, ಶವಯಾತ್ರೆಯ ಗುರುತಾಗಿ ದೀಪ ಹಚ್ಚಿಕೊಂಡು, ಹದಿನೇಳು ವಾಹನಗಳು ಎಡಕ್ಕೆ ತಿರುಗಿದವು. ಎದುರು ಬಂದವರು ರೂಢಿಯಂತೆ ಬದಿಗೆ ನಿಂತು ಟೋಪಿ ತೆಗೆದರು. ಮೆರವಣಿಗೆ ಇಷ್ಟು ಜೋರಾಗಿ ಓಡುವುದನ್ನು ಅವರು ಕಂಡಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತ ಮಾರ್ಜೀನಳ ಹಿಂದೆ, ನುಣುಪಾದ ಪೆಟ್ಟಿಗೆಯೊಳಗೆ, ತಿರುವಿಗೊಮ್ಮೆ ಏನೋ ಅತ್ತಿತ್ತ ಜಾರುವ ಸದ್ದಾಗುತ್ತಿತ್ತು. ಆ ಸದ್ದು ಕೇಳಿ ಅವಳಿಗೆ ಧೈರ್ಯ ಬಂತು.

ಮೂರೂ ನಲವತ್ತೊಂಬತ್ತು. ಅಂಚೆಕಚೇರಿಯ ಯೊಲಾಂಡಾ ಗಡಿಯಾರ ನೋಡುತ್ತ ಕಿಟಕಿಯಲ್ಲಿ ಕೂತಿದ್ದವಳು ಹೊರಗೆ ನಿಂತದ್ದನ್ನು ನೋಡಿ, ಏನೂ ಕೇಳದೆ, ದುಂಡುಮುದ್ರೆ ಮತ್ತು ಮಸಿದಿಂಡು ಹಿಡಿದು ಬೀದಿಗೇ ಬಂದಳು.

ಫೆಂಟನ್ ಪೆಟ್ಟಿಗೆಯ ಮುಚ್ಚಳ ಎತ್ತಿದ; ಜನ ಟೋಪಿ ತೆಗೆದರು. ಡೆಲ್ಬರ್ಟ್ ಅಂಚೆ ಕೆಲಸದ ಹಳೆಯ ನೀಲಿ ಅಂಗಿಯಲ್ಲಿ, ಸರದಿ ತನ್ನದೇ ಎಂಬ ನೆಮ್ಮದಿಯಲ್ಲಿ ಮಲಗಿದ್ದ. ಮಾರ್ಜೀನ್ ಚೀಲದ ಬಕಲ್ ಬಿಚ್ಚಿದಳು. ರಬ್ಬರ್‌ಬ್ಯಾಂಡ್ ಹಾಕಿದ ಕಟ್ಟು. ಮೇಲಿನದೇ ಅವರ ಮನೆಯದು.

ಲೈಲಿಗೆ ತಡೆಯಲಾಗಲಿಲ್ಲ. ದಿಬ್ಬಕ್ಕೆಲ್ಲ ಡೆಲ್ಬರ್ಟ್ ಮಾಡಿ ತೋರಿಸಿದ್ದಂತೆಯೇ ಮೂಗಿನಲ್ಲಿ ಸಕ್ಕರೆ ಸುರಿಸಿ, "ನಿಮ್ಮ ಮುಂದೆ ಸರದಿಯಲ್ಲಿ ಯಾರೂ ಇಲ್ಲ," ಎಂದ. ದನಿ ಕೊನೆಯಲ್ಲಿ ಒಡೆಯಿತು. ಆದರೂ ಜನ ನಕ್ಕರು. ಮಾರ್ಜೀನಳೂ ನಕ್ಕಳು.

"ಮೊದ್ಲು ಮಸಿ ಸರಿ ಇದೆಯಾ ನೋಡ್ಬೇಕು," ಎಂದಳು ಯೊಲಾಂಡಾ. "ಡೆಲ್ಬರ್ಟ್ ಬಿಡ್ತಾನೇ ಇರ್ಲಿಲ್ಲ. ತಾರೀಖು ಮಸುಕಾದ್ರೆ ಅವರಿಗೊಂದು ನೆಪ ಸಿಗತ್ತೆ ಅಂತಿದ್ದ. ಚೂರು ರದ್ದಿಕಾಗದ ಇದೆಯಾ?"

ಯಾರ ಬಳಿಯೂ ಬೇರೆ ಕಾಗದವಿರಲಿಲ್ಲ. ಮಾರ್ಜೀನ್ ಕೈಯಲ್ಲಿದ್ದ, ಅಂತ್ಯಕ್ರಿಯೆಗೆ ಹಂಚಿದ ಪ್ರಾರ್ಥನೆಯ ಕಾರ್ಡನ್ನೇ ಚಾಚಿದಳು: ಮೇಲೆ ಡೆಲ್ಬರ್ಟನ ನಗುಮುಖ, ಕೆಳಗೆ ಅವನ ಹುಟ್ಟು-ಸಾವಿನ ಎರಡು ತಾರೀಖು. ಯೊಲಾಂಡಾ ಒಂದು ಕ್ಷಣ ತಡೆದು, ಒತ್ತಿದಳು.

ಆಮೇಲೆ ಇಪ್ಪತ್ಮೂರು ಸಲ ಶವವಾಹನದ ಬಾನೆಟ್ಟಿನ ಮೇಲೆ ಮುದ್ರೆ ಬಿತ್ತು. ಧಪ್ ಎಂದಾಗಲೆಲ್ಲ ಒಬ್ಬೊಬ್ಬರು ಟೋಪಿ ಮತ್ತೆ ತಲೆಗೇರಿಸಿದರು.

ಮಾರ್ಜೀನ್ ಕಾರ್ಡನ್ನು ಖಾಲಿಯಾದ ಚೀಲಕ್ಕೆ ಹಾಕಿ ಬಕಲ್ ಬಿಗಿದಳು. ಹಾಕುವ ಮುನ್ನ ಒಮ್ಮೆ ಬಿಸಿಲಿಗೆ ಹಿಡಿದು ನೋಡಿದ್ದಳು. ಚಿತ್ರದ ಬಲಮೂಲೆಯಲ್ಲಿ, ಅಂಚೆಚೀಟಿ ಅಂಟಿಸುವ ಜಾಗದಲ್ಲಿ, ಇವತ್ತಿನದೇ ತಾರೀಖು ಹೊತ್ತ ದುಂಡುಮುದ್ರೆ. ಒಂದಕ್ಷರವೂ ಮಸುಕಾಗಿರಲಿಲ್ಲ.