ಬೊಮ್ಮಕ್ಕನ ಗಾಡಿಯ ಎಣ್ಣೆ

ದೂರು ಕೊಟ್ಟವಳು ಬೊಮ್ಮಕ್ಕನೇ. ಚಳ್ಳಕೆರೆ ಮಂಡಿಯ ಗೇಟಿನ ಮುಂದೆ ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವವಳು. ಮಿಲ್ಲಿನಿಂದ ತಂದ ಶೇಂಗಾ ಎಣ್ಣೆ ಬಾಣಲೆಯಲ್ಲಿ ಸೋಪಿನಂತೆ ನೊರೆ ಕಾರತೊಡಗಿತ್ತು. ಬಜ್ಜಿ ತಿಂದ ಹಮಾಲರು ಗಂಟಲು ಹಿಡಿದುಕೊಂಡು ಕೆಮ್ಮುತ್ತಿದ್ದರು.

"ಏನಕ್ಕಾ, ಸಾಯ್ಸಕ್ಕೆ ನಾವೇ ಸಿಕ್ವಾ?" ಎಂದು ಹಮಾಲಿ ಜುಂಜಣ್ಣ ನಕ್ಕ. ಆ ನಗು ಅವಳನ್ನು ಚುಚ್ಚಿತು. ಚಿತ್ರದುರ್ಗದ ಬಸ್ಸು ಹತ್ತಿ, ಆಹಾರ ಸುರಕ್ಷತಾ ಅಧಿಕಾರಿ ಪುಷ್ಪಲತಾ ಅವರ ಮುಂದೆ ಮಿಲ್ಲಿನ ಹೆಸರು ಹೇಳಿ ಬಂದಳು.

ಅಧಿಕಾರಿ ಮೊದಲು ಬಂದದ್ದು ಮಿಲ್ಲಿಗಲ್ಲ, ಗಾಡಿಗೆ.

"ಎಣ್ಣೆ ಕೊಂಡ ಬಿಲ್ ಕೊಡಮ್ಮ."

"ಬಿಲ್ಲೆಲ್ಲಿ ಮೇಡಂ? ಖಾಲಿ ಡಬ್ಬ ಒಯ್ದ್ರೆ ತುಂಬಿ ಕೊಡ್ತಾರೆ. ನಮ್ಮವ್ವನ ಕಾಲದಿಂದ್ಲೂ ಹಂಗೇ. ಬಿಲ್ ಕೇಳಿದ್ರೆ 'ನಮ್ಮ ಮ್ಯಾಲೆ ನಂಬಿಕೆ ಇಲ್ವೇನವ್ವ' ಅಂತಾರೆ."

ಪರೀಕ್ಷೆಗೆಂದು ಅಧಿಕಾರಿ ಬಾಟಲಿಗಳಿಗೆ ಎಣ್ಣೆ ತುಂಬಿ ಅರಗಿನ ಮುದ್ರೆ ಒತ್ತಿದರು. ಸಾಕ್ಷಿಗೆ ಒಬ್ಬರು ಬೇಕೆಂದಾಗ ನೆರೆದಿದ್ದವರೆಲ್ಲ ಮೆಲ್ಲಗೆ ಜಾರಿಕೊಂಡರು. ಜುಂಜಣ್ಣನಿಗೂ ಮೂಟೆ ನೆನಪಾಯಿತು. ಮುಂದೆ ಬಂದವನು ಮಿಲ್ಲಿನ ಗುಮಾಸ್ತ ಹನುಮಣ್ಣ.

"ನಾನಿಲ್ವೇನಕ್ಕ, ಹೆದ್ರಬ್ಯಾಡ" ಎಂದು ಸಹಿ ಹಾಕಿದ.

"ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ" ಎಂದು ಬೊಮ್ಮಕ್ಕ ಬಿಸಿ ಬಜ್ಜಿ ಕೊಟ್ಟಳು. ಅವನು ತಿನ್ನಲಿಲ್ಲ. ಪೇಪರಿನಲ್ಲಿ ಸುತ್ತಿಕೊಂಡು, ಆಚೆ ತಿರುಗಿ ಮೊಬೈಲ್ ಕಿವಿಗಿಟ್ಟ.

ಅಧಿಕಾರಿಯ ಜೀಪು ಮಿಲ್ಲು ಮುಟ್ಟುವಷ್ಟರಲ್ಲಿ ಅಲ್ಲಿ ಒಳ್ಳೆಯ ಎಣ್ಣೆಯ ಡಬ್ಬಗಳು ಮುಂದಕ್ಕೆ ಬಂದು ಸಾಲಾಗಿ ನಿಂತಿದ್ದವು. ಮಾದರಿ ತೆಗೆದದ್ದು ಅವುಗಳಿಂದಲೇ.

ಲ್ಯಾಬಿನ ವರದಿ ಬಂತು. ಮಿಲ್ಲಿನ ಎಣ್ಣೆ ಶುದ್ಧ. ಗಾಡಿಯ ಎಣ್ಣೆ ಕಲಬೆರಕೆ. ದಂಡ ಕಟ್ಟುವವರೆಗೆ ಬೊಮ್ಮಕ್ಕ ಒಲೆ ಹಚ್ಚುವಂತಿಲ್ಲ. ಮನೆ ನಡೆಯುತ್ತಿದ್ದದ್ದು ಆ ಒಲೆಯಿಂದ.

"ದೂರು ಕೊಟ್ಟೋಳೇ ನಾನು ಮೇಡಂ!"

"ಗೊತ್ತಮ್ಮ. ಆದ್ರೆ ಆ ಎಣ್ಣೆ ಸಿಕ್ಕಿದ್ದು ನಿನ್ನ ಹತ್ರ. ಅವರದೇ ಅನ್ನೋಕೆ ಬಿಲ್ ಇಲ್ಲ." ಪುಷ್ಪಲತಾ ಅವಳ ಮುಖ ನೋಡಲಿಲ್ಲ.

ಕಾನೂನು ಸುಳ್ಳು ಹೇಳಲಿಲ್ಲ. ಬಿಲ್ ಇಲ್ಲದವಳನ್ನು ಹಿಡಿಯಿತು, ಅಷ್ಟೇ. ಬಿಲ್ ಕೊಡದವನ ಬಾಗಿಲಲ್ಲಿ ಚಹಾ ಕುಡಿದು ಎದ್ದು ಬಂತು.

ಸಂಜೆ ಬೊಮ್ಮಕ್ಕ ತಣ್ಣಗಿನ ಬಾಣಲೆಗೆ ಬೂದಿ ಹಾಕಿ ಉಜ್ಜುತ್ತಿದ್ದಳು. ಪಕ್ಕದ ಮನೆಯ ನಾಗಕ್ಕ ಬೀದಿಯಲ್ಲೇ ನಿಂತು ಸೆರಗು ಮೂಗಿಗಿಟ್ಟಳು.

"ಥೂ! ನನ್ನ ಮೊಮ್ಮಕ್ಳೂ ತಿಂದವಲ್ಲೇ ನಿನ್ನ ಬಜ್ಜಿ. ಏನ್ ಬೆರ್ಸಿದ್ದೇ?"

ಬೊಮ್ಮಕ್ಕನ ಕಣ್ಣು ಅವಳ ಕೈಲಿದ್ದ ಡಬ್ಬದ ಮೇಲಿತ್ತು. ಮುಚ್ಚಳದ ಅಂಚಿನಲ್ಲಿ ಎಣ್ಣೆ ಜಿನುಗುತ್ತಿತ್ತು.

"ಎಲ್ಲಿಂದು ನಾಗಕ್ಕ, ಅದು?"

"ಮಿಲ್ಲಿಂದು. ಸರ್ಕಾರದೋರೇ ಚೆನ್ನಾಗೈತೆ ಅಂದವ್ರಲ್ಲ."

"ಬಿಲ್ ಇಸ್ಕಂಡ್ಯಾ?"

"ಬಿಲ್ಲಾ?" ನಾಗಕ್ಕ ನಕ್ಕಳು. "ಗೊತ್ತಿರೋರ ಹತ್ರ ಎಂಥಾ ಬಿಲ್ಲೇ?"

ಡಬ್ಬವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಒಗ್ಗರಣೆಯ ಸದ್ದು ಬಂತು. ಆಮೇಲೆ ಕೆಮ್ಮು.