ಇಪ್ಪತ್ತೈದಕ್ಕೆ ಇಪ್ಪತ್ತಮೂರು

ಆ ಉತ್ತರಪತ್ರಿಕೆ ತಿದ್ದಿದ ದಿನದಿಂದ ವಿಜ್ಞಾನದ ಮೇಷ್ಟ್ರು ವೆಂಕಟರಾಯಪ್ಪನವರಿಗೆ ಸಮಾಧಾನವಿರಲಿಲ್ಲ. ಒಂಬತ್ತನೇ ತರಗತಿಯ ಅರ್ಪಿತ ಇಪ್ಪತ್ತೈದಕ್ಕೆ ಇಪ್ಪತ್ತಮೂರು ತೆಗೆದಿದ್ದಳು. ಹಿಂದಿನ ಟೆಸ್ಟಿನಲ್ಲಿ ಅವಳಿಗೆ ಬಂದದ್ದು ಒಂಬತ್ತು. ಎರಡು ತಿಂಗಳಲ್ಲಿ ಯಾರ ತಲೆಯೂ ಹೀಗೆ ಬದಲಾಗುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷ ಪಾಠ ಮಾಡಿದ ಅವರ ನಂಬಿಕೆ.

ದೇವನಹಳ್ಳಿ ಪಕ್ಕದ ಆ ಸರ್ಕಾರಿ ಹೈಸ್ಕೂಲಿನ ತಲೆಯ ಮೇಲೇ ವಿಮಾನಗಳು ಇಳಿಯುತ್ತಿದ್ದವು. ಸದ್ದು ಮುಗಿಯುವವರೆಗೆ ಮೇಷ್ಟ್ರು ಓದುವುದನ್ನು ನಿಲ್ಲಿಸಿ ಮತ್ತೆ ಮುಂದುವರಿಸುತ್ತಿದ್ದರು. ಅವರ ಪಾಠವೆಂದರೆ ನೋಟ್ಸ್. ಅವರು ಓದಬೇಕು, ಮಕ್ಕಳು ಬರೆದುಕೊಳ್ಳಬೇಕು, ಮನೆಯಲ್ಲಿ ಉರು ಹೊಡೆಯಬೇಕು. ಅರ್ಪಿತ ಮಾತ್ರ ಒಂದು ತಿಂಗಳಿಂದ ಈ ವಿಮಾನದ ಬಿಡುವಿನಲ್ಲಿ ನೋಟ್‌ಬುಕ್ ಮುಚ್ಚಿ ಗೋಡೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಆಗ ಅವರು ಅದನ್ನು ಸೊಕ್ಕು ಎಂದುಕೊಂಡಿದ್ದರು. ಈಗ ಅದಕ್ಕೆ ಬೇರೆಯದೇ ಅರ್ಥ ಕಾಣಿಸಿತು.

ಅವರು ಅವಳ ಮೇಲೆ ಕಣ್ಣಿಟ್ಟರು. ದಿನವೂ ಹಾಜರಿ ಪುಸ್ತಕ ತರಲು ಸ್ಟಾಫ್ ರೂಮಿಗೆ ಬರುವವಳು ಅವಳೇ. ಪ್ರಶ್ನೆಪತ್ರಿಕೆ ಇಟ್ಟಿದ್ದ ಬೀರುವಿನ ಬೀಗ ಸಡಿಲವಾಗಿ ಎಷ್ಟೋ ದಿನವಾಗಿತ್ತು. ಊಟದ ಬಿಡುವಿನಲ್ಲಿ ಅವಳು ಗೆಳತಿಯರನ್ನು ಬಿಟ್ಟು ನೀರಿನ ಟ್ಯಾಂಕಿನ ಹಿಂದೆ ಕೂರುತ್ತಿದ್ದಳು. ಬ್ಯಾಗಿನಿಂದ ಒಂದು ಚೀಟಿ ತೆಗೆಯುವಳು, ನೋಡುವಳು, ಕಣ್ಣು ಮುಚ್ಚಿ ಗೊಣಗುವಳು, ತಿರುಗಿಸಿ ನೋಡಿ ಮತ್ತೆ ಒಳಗಿಡುವಳು.

ಗುರುವಾರ ಅವರು ಹಿಂದಿನಿಂದ ಹೋಗಿ ಕೈ ಚಾಚಿದರು.

“ಕೊಡು ಇಲ್ಲಿ.”

ಹುಡುಗಿ ಬೆಚ್ಚಿಬಿದ್ದು ಇಡೀ ಕಟ್ಟನ್ನೇ ಕೊಟ್ಟುಬಿಟ್ಟಳು. ಮೂವತ್ತಕ್ಕೂ ಹೆಚ್ಚು ಚೀಟಿಗಳು. ಒಂದು ಕಡೆ ಪ್ರಶ್ನೆ: ಹೃದಯಕ್ಕೆ ಎಷ್ಟು ಕೋಣೆ? ಕವಾಟ ಯಾಕೆ ಬೇಕು? ಇನ್ನೊಂದು ಕಡೆ ಉತ್ತರವಿಲ್ಲ, ಪುಟದ ಸಂಖ್ಯೆ ಮತ್ತು ಮೂರು ಮೂರು ತಾರೀಖುಗಳು ಮಾತ್ರ. ಅವುಗಳಲ್ಲಿ ನಾಲ್ಕು ಪ್ರಶ್ನೆ ಟೆಸ್ಟಿನಲ್ಲಿ ಬಂದಂಥವೇ! ತಾರೀಖುಗಳು ಎಂಥದೋ ಗುಟ್ಟಿನ ಲೆಕ್ಕದಂತೆ ಕಂಡವು.

“ಕದ್ದು ಓದೋರು ನಮ್ಮ ಕ್ಲಾಸಲ್ಲೂ ಇದಾರೆ,” ಎಂದು ಮಧ್ಯಾಹ್ನ ಅವರು ತರಗತಿಯಲ್ಲಿ ಹೇಳಿ ಅವಳನ್ನೇ ನೋಡಿದರು. ನಲವತ್ತು ತಲೆಗಳು ಅತ್ತ ತಿರುಗಿದವು. ಅರ್ಪಿತ ಅಳಲಿಲ್ಲ. ಅದೂ ಅವರ ಅನುಮಾನವನ್ನು ಹೆಚ್ಚಿಸಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ತಾಯಿ ಮುನಿಗಂಗಮ್ಮನನ್ನು ಕರೆಸಿದರು. ಏರ್‌ಪೋರ್ಟಿನಲ್ಲಿ ಕ್ಲೀನಿಂಗ್ ಕೆಲಸದವಳು. ನೀಲಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮೇಷ್ಟ್ರು ಅವಳ ಮುಂದೆಯೇ ಮಗಳಿಗೆ ಐದು ಹೊಸ ಪ್ರಶ್ನೆ ಕೊಟ್ಟು, ಬ್ಯಾಗನ್ನು ದೂರ ಇಡಿಸಿ ಬರೆಯಲು ಹೇಳಿದರು.

ಅರ್ಧ ಗಂಟೆಯಲ್ಲಿ ಹಾಳೆ ಬಂತು. ಒಂದು ಪ್ರಶ್ನೆಗೆ ‘ನೆನಪಾಗುತ್ತಿಲ್ಲ’ ಎಂದಿತ್ತು. ಮೂರು ಸರಿ. ಐದನೆಯದರಲ್ಲಿ ಅವರ ಪೆನ್ನು ನಿಂತಿತು. ‘ಅಭಿಧಮನಿಗಳು ಅಶುದ್ಧ ರಕ್ತವನ್ನು ಹೃದಯಕ್ಕೆ ತರುತ್ತವೆ. ಆದರೆ ಶ್ವಾಸಕೋಶದಿಂದ ಬರುವ ಅಭಿಧಮನಿಗಳಲ್ಲಿ ಶುದ್ಧ ರಕ್ತ ಇರುತ್ತದೆ.’

“ಸಿಕ್ಕಿಬಿದ್ದೆ ನೋಡು ಅರ್ಪಿತಾ. ಎಲ್ಲಾ ಅಭಿಧಮನಿಗಳಲ್ಲೂ ಅಶುದ್ಧ ರಕ್ತ ಅಂತ ನಾನು ಬರೆಸಿದೀನಿ. ಈ ‘ಆದರೆ’ ಎಲ್ಲಿಂದ ಬಂತು?”

ಅರ್ಪಿತ ತಾಯಿಯ ಮುಖ ನೋಡಿದಳು. ಮುನಿಗಂಗಮ್ಮ ಮುಂದೆ ಬಂದಳು.

“ಅದು ನಾನ್ ಕೇಳಿದ್ದು ಸಾರ್. ತಪ್ಪಾಗಿದ್ರೆ ನಂಗ್ ಬೈಯಿರಿ.”

“ನೀನು ಕೇಳಿದ್ದಾ?”

“ಹೂಂ ಸಾರ್. ನಾನ್ ಓದಿರೋದು ನಾಲ್ಕನೇ ಕ್ಲಾಸು. ಕೆಲ್ಸಕ್ಕೆ ಸೇರುವಾಗ ಟ್ರೈನಿಂಗ್ ಕೊಟ್ರು. ಯಾವ್ ನೆಲಕ್ಕೆ ಯಾವ್ ಲಿಕ್ವಿಡ್ಡು, ಯಾವ್ ಡಬ್ಬಕ್ಕೆ ಯಾವ್ ಕಸ, ಎಲ್ಲಾ ಬಾಯಲ್ಲಿ ಕೇಳ್ತಾರೆ. ಹೇಳ್ದಿದ್ರೆ ಕೆಲ್ಸ ಇಲ್ಲ. ಹತ್ತು ಸಲ ಓದಿದ್ರೂ ಬಸ್ ಇಳಿಯೋದ್ರೊಳಗೆ ಮರ್ತೋಗೋದು. ಆಮೇಲೆ ಪ್ರಶ್ನೆ ಮಾತ್ರ ಚೀಟೀಲಿ ಬರ್ಕೊಂಡು, ಉತ್ತರ ನೋಡ್ದೆ ನನ್ನನ್ನ ನಾನೇ ಕೇಳ್ಕೊಳ್ಳೋಕೆ ಶುರು ಮಾಡ್ದೆ. ಇವತ್ತು ಒಂದ್ಸಲ, ಮೂರು ದಿನ ಬಿಟ್ಟು ಒಂದ್ಸಲ, ವಾರ ಕಳ್ದು ಇನ್ನೊಂದ್ಸಲ. ತಪ್ಪಿದ್ದನ್ನ ಮಾತ್ರ ಮತ್ತೆ ಓದೋದು. ಪಾಸಾಗ್ಬಿಟ್ಟೆ. ಇವ್ಳು ಒಂಬತ್ತು ತಗೊಂಡು ಅತ್ಕೊಂಡ್ ಬಂದಾಗ ಇವ್ಳಿಗೂ ಹಂಗೇ ಮಾಡು ಅಂದೆ.”

ಮೇಷ್ಟ್ರು ಚೀಟಿಗಳ ಹಿಂದಿನ ತಾರೀಖುಗಳನ್ನು ನೋಡಿದರು. ಎಲ್ಲದರಲ್ಲೂ ಅದೇ ಅಂತರ.

“ರಕ್ತದ ವಿಷಯ?”

“ಸಂಜೆ ಇವ್ಳು ನಂಗೆ ಪಾಠ ಹೇಳ್ಬೇಕು, ಅದು ನಮ್ಮನೆ ರೂಲ್ಸು. ನಾನ್ ಕೇಳ್ದೆ, ಶ್ವಾಸಕೋಶದಲ್ಲಿ ತೊಳ್ಕೊಂಡ್ ಬಂದ ರಕ್ತ ದಾರೀಲಿ ಮತ್ತೆ ಯಾಕೆ ಕೊಳೆ ಆಗ್ತದೆ ಅಂತ. ಇವ್ಳಿಗೆ ಗೊತ್ತಾಗ್ಲಿಲ್ಲ. ಪುಸ್ತಕ ಹುಡುಕಿದ್ಳು.”

“ಪಾಠದ ಪುಸ್ತಕದಲ್ಲೇ ಇದೆ ಸಾರ್,” ಎಂದಳು ಅರ್ಪಿತ ಮೊದಲ ಬಾರಿಗೆ. “ಚಿತ್ರದ ಕೆಳಗೆ.”

ಪುಸ್ತಕ ತೆರೆದರೆ ಅಲ್ಲೇ ಸಣ್ಣ ಅಕ್ಷರದಲ್ಲಿತ್ತು. ಮೇಷ್ಟ್ರು ಆ ಸಾಲನ್ನು ಎರಡು ಸಲ ಓದಿದರು. ಕದ್ದಿದ್ದರೆ, ನೋಟ್ಸ್ ನಕಲು ಮಾಡಿದ್ದರೆ ಅವಳು ಅವರ ತಪ್ಪನ್ನೇ ಬರೆಯಬೇಕಿತ್ತು, ಇಷ್ಟು ವರ್ಷ ಉಳಿದ ಮಕ್ಕಳೆಲ್ಲ ಬರೆದಂತೆ. ಅವರು ಅದಕ್ಕೆಲ್ಲ ಪೂರ್ತಿ ಅಂಕ ಕೊಟ್ಟಿದ್ದರು. ಚೀಟಿಗಳನ್ನು ಹಿಂದಕ್ಕೆ ಕೊಟ್ಟು, “ಹೋಗ್ಬನ್ನಿ,” ಎಂದಷ್ಟೇ ಹೇಳಿದರು.

ಭಾನುವಾರವಿಡೀ ಅವರು ತಮ್ಮ ಹಳೆಯ ನೋಟ್ಸಿನ ಮುಂದೆ ಕೂತರು. ಒಂದೊಂದು ವಾಕ್ಯವನ್ನೂ ಪುಸ್ತಕದ ಜೊತೆ ಹೋಲಿಸಿದರು. ಮೊನ್ನೆಯವರೆಗೆ ಹುಡುಗಿಯ ಮೇಲಿದ್ದ ಅನುಮಾನ ಈಗ ತಮ್ಮದೇ ಕೈಬರಹದ ಮೇಲೆ ಬಂದು ಕೂತಿತ್ತು. ಸಂಜೆಯ ಹೊತ್ತಿಗೆ ಇನ್ನೆರಡು ತಪ್ಪು ಸಿಕ್ಕವು.

ಸೋಮವಾರ ತರಗತಿಯಲ್ಲಿ ಅವರು ಮೂರು ತಪ್ಪುಗಳನ್ನೂ ಬೋರ್ಡಿನ ಮೇಲೆ ಬರೆದು ತಿದ್ದಿದರು. “ಇದನ್ನ ಬರೆಸಿದ್ದು ನಾನೇ, ತಪ್ಪು ನಂದು,” ಎಂದರು. ಇನ್ನು ಮುಂದೆ ಕೊನೆಯ ಹತ್ತು ನಿಮಿಷ ನೋಟ್‌ಬುಕ್ ಮುಚ್ಚಿ, ಕೇಳಿದ್ದನ್ನು ನೆನಪಿನಿಂದ ಪಕ್ಕದವರಿಗೆ ಹೇಳಬೇಕು ಎಂದರು. ಎಲ್ಲವೂ ಮುಗಿಯಿತೆಂದು ಸೀಮೆಸುಣ್ಣ ಕೆಳಗಿಟ್ಟರು.

ಅರ್ಪಿತ ಎದ್ದು ನಿಂತಳು.

“ಸಾರ್, ನಾನು ಕದ್ದಿಲ್ಲ ಅನ್ನೋದನ್ನೂ ಹೇಳಿ.”

ಮೇಷ್ಟ್ರು ತರಗತಿಯತ್ತ ತಿರುಗಿದರು.

“ಅರ್ಪಿತ ಕದ್ದಿಲ್ಲ. ಗೊತ್ತಿಲ್ಲದೆ ಅವಳ ಮೇಲೆ ನಾನು ಅನುಮಾನ ಪಟ್ಟೆ. ಕ್ಷಮಿಸಮ್ಮ.”

ಅವಳು ತಲೆಯಾಡಿಸಿ ಕೂತಳು. ಆದರೆ ಆ ವಾರವೆಲ್ಲ ಹಾಜರಿ ಪುಸ್ತಕ ತರಲು ಸ್ಟಾಫ್ ರೂಮಿಗೆ ಬೇರೆ ಹುಡುಗಿ ಬಂದಳು. ಅರ್ಪಿತ ಏಕೆ ಬರಲಿಲ್ಲವೆಂದು ಮೇಷ್ಟ್ರು ಕೇಳಲಿಲ್ಲ.